ತಲ್ಜಿ ಹಾಜಿಯ ಆಡಿನ ದೊಡ್ಡಿ

ಇದರಲ್ಲಿ ಒಂದೇ ಒಂದು ಮಾತು ಸುಳ್ಳಿದ್ದರೆ ನನ್ನ ನಾಲಿಗೆ ಒಣಗಿ ಆಡಿನ ಚರ್ಮವಾಗಲಿ, ಅದನ್ನು ತಮಟೆಗೆ ಬಿಗಿದು ಊರೆಲ್ಲ ಬಾರಿಸಿ. ಕರಕ್‌ನಿಂದ ದಕ್ಷಿಣಕ್ಕೆ ಬೆಟ್ಟ ಹತ್ತಿ ಇಳಿಯುವ ಹಳೆಯ ರಸ್ತೆಯಿದೆಯಲ್ಲ, ಅದರ ಪಕ್ಕದ ಖಿರ್ಬತ್ ಹಜಲ್ ಎಂಬ ಊರಿನಲ್ಲಿ ನಡೆದದ್ದು. ನಂಬಿಕೆ ಬಾರದಿದ್ದರೆ ಆ ಊರಿನ ಆಡುಗಳನ್ನು ಕೇಳಿ. ಅವು ಅಲ್ಲೇ ಇದ್ದವು, ಎಲ್ಲವನ್ನೂ ಕಣ್ಣಾರೆ ನೋಡಿದವು, ಮತ್ತು ಆಡುಗಳಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ.

ಹಜಲ್ ಎಂದರೆ ಕೌಜುಗ ಹಕ್ಕಿ. ಊರಿಗೆ ಆ ಹೆಸರು ಏಕೆ ಬಂತೋ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅಲ್ಲಿ ಕೌಜುಗವನ್ನು ಕಂಡವರೇ ಇಲ್ಲ. ಅಲ್ಲಿನ ಗಾಳಿಗೆ ಯಾವ ಹಕ್ಕಿ ನಿಂತೀತು? ಒಮ್ಮೆ ಬೀಸಿದ ಗಾಳಿಗೆ ಊರಿನ ಕತ್ತೆಯೊಂದರ ಕಿವಿ ಕಿತ್ತುಹೋಗಿ ಪಕ್ಕದ ಐನ್ ತೀನ್ ಊರಿನ ಕತ್ತೆಗೆ ಅಂಟಿಕೊಂಡು, ಆ ಕತ್ತೆ ಇವತ್ತಿಗೂ ಮೂರು ಕಿವಿ ಹೊತ್ತು ತಿರುಗುತ್ತಿದೆ.

ಆ ಊರಿನಲ್ಲಿ ನಹಾರ್ ಎಂಬವನಿದ್ದ. ಇಳಿಜಾರಿನಲ್ಲಿ ಮಾತ್ರ ಓಡುವ ಒಂದು ಪಿಕಪ್ ಗಾಡಿ, ಗಾಡಿಗೆ ಒಂದು ಕೊಟ್ಟಿಗೆ, ಹಗಲಿಡೀ ಮುಚ್ಚದ ಒಂದು ಬಾಯಿ, ಇಷ್ಟು ಅವನ ಆಸ್ತಿ. ಪೆಟ್ರಾ ನೋಡಲು ಹೋಗುವವರ ಬಸ್ಸುಗಳು ಊರಿನ ತಿರುವಿನಲ್ಲಿ ಹಾದುಹೋಗುವಾಗೆಲ್ಲ ಅವನು ರಸ್ತೆಗೆ ಓಡಿ ಕೈ ಬೀಸುತ್ತಿದ್ದ. ಚಿಕ್ಕಂದಿನಿಂದ ಬೀಸಿ ಬೀಸಿ ಅವನ ಬಲಗೈ ಎಡಗೈಗಿಂತ ಗೇಣುದ್ದ ಬೆಳೆದಿತ್ತು. ಒಂದು ಬಸ್ಸೂ ನಿಂತಿರಲಿಲ್ಲ. ಟೈರ್ ಪಂಕ್ಚರ್ ಆಗಿ ನಿಂತವರನ್ನು ಮಾತ್ರ ಅವನು ಬಿಡುತ್ತಿರಲಿಲ್ಲ. ಟೈರ್ ಬದಲಿಸುವಷ್ಟರಲ್ಲಿ ಊರು ಸುತ್ತಿಸಿಬಿಡುತ್ತಿದ್ದ. ಈ ಬಾವಿಯಲ್ಲಿ ಸಿಕಂದರನ ಕುದುರೆ ನೀರು ಕುಡಿಯಿತು, ಈ ಚಪ್ಪಡಿಯ ಮೇಲೆ ರೋಮಿನ ರಾಣಿ ಕೂತು ತಲೆ ಬಾಚಿಕೊಂಡಳು. ಆ ಚಪ್ಪಡಿ ಅವನ ಅಜ್ಜಿ ಮೊಸರುಂಡೆ ಒಣಗಿಸುತ್ತಿದ್ದ ಕಲ್ಲು.

ಆ ವಸಂತದಲ್ಲಿ ಅಮ್ಮಾನಿನಿಂದ ಬಸ್ಸುಗಳನ್ನು ಕರೆತರುವ ಲುಬಾಬ ಎಂಬ ಹೆಂಗಸಿನ ಫೋನ್ ನಂಬರು ಅವನಿಗೆ ಹೇಗೋ ಸಿಕ್ಕಿತು. ಪ್ರವಾಸಿಗಳ ಬಸ್ಸು ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಹೇಳುವವಳು ಅವಳೇ. ಅವನು ದಿನವೂ ಫೋನ್ ಮಾಡಿದ. ಕೊನೆಗೊಂದು ದಿನ ಅವಳೇ ಸೋತು ಹೇಳಿದಳು:

"ಅಯ್ಯೋ ಪುಣ್ಯಾತ್ಮ, ಸಾಕು! ಮಂಗಳವಾರ ಪೋಲೆಂಡಿನವರನ್ನ ಕರ್ಕೊಂಡು ಆ ದಾರೀಲೇ ಬರ್ತೀನಿ. ಒಂದು ಗಳಿಗೆ ನಿಲ್ಲಿಸ್ತೀನಿ. ಆದ್ರೆ ಕಥೆ ಬೇಡ ನಂಗೆ. ಕಣ್ಣಿಗೆ ಕಾಣೋ ಒಂದು ನಿಜವಾದ ವಸ್ತು ತೋರಿಸ್ಬೇಕು. ತೋರಿಸಿದ್ರೆ ಪ್ರತಿ ವಾರ ನಿಮ್ಮೂರಲ್ಲೇ ನಿಲ್ಸೋದು. ಇಲ್ಲಾಂದ್ರೆ ಐನ್ ತೀನ್ ಕೋಟೆ ಹತ್ರ. ಅಲ್ಲಿ ಕೋಟೇನೂ ಇದೆ, ಶೌಚಾಲಯಾನೂ ಇದೆ."

ನಹಾರನಿಗೆ ಅವತ್ತು ಊಟ ಸೇರಲಿಲ್ಲ. ಊರಿನಲ್ಲಿ ನಿಜವಾದ ವಸ್ತು ಇದ್ದದ್ದು ಒಂದೇ, ಅದು ಇದ್ದದ್ದು ತಲ್ಜಿ ಹಾಜಿಯ ಆಡಿನ ದೊಡ್ಡಿಯಲ್ಲಿ. ಹಾಜಿ ಇನ್ನೂ ಹುಡುಗನಾಗಿದ್ದಾಗ ಅವನ ಅಪ್ಪ ದೊಡ್ಡಿಯ ನೆಲ ಸಮ ಮಾಡಲು ಗುದ್ದಲಿ ಹಾಕಿದರೆ ಅಡಿಯಲ್ಲಿ ಬಣ್ಣ ಕಂಡಿತ್ತು. ಬೆರಳ ಉಗುರಿನಷ್ಟು ಬಣ್ಣದ ಕಲ್ಲುಗಳನ್ನು ಜೋಡಿಸಿ ಮಾಡಿದ ಚಿತ್ರದ ನೆಲ. ಪಟ್ಟಣದಿಂದ ಬಂದವರು ನೋಡಿ, "ಬಹಳ ಹಳೇದು, ಸದ್ಯಕ್ಕೆ ಮರಳು ಹಾಕಿ ಮುಚ್ಚಿಡಿ" ಎಂದು ಹೇಳಿ ಹೋಗಿದ್ದರು. ಆ ವಂಶದಲ್ಲಿ ಇನ್ನೊಬ್ಬರ ಮಾತು ಕೇಳಿದ್ದು ಅದೊಂದೇ ಸಲ. ಮರಳು ಹಾಕಿದರು, ಮರಳಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ಆಡು. ಅಂದಿನಿಂದ ಮೇಲೆ ಆಡು, ಕೆಳಗೆ ಚಿತ್ರ, ಬಾಗಿಲಿಗೆ ಬೀಗ.

ನಹಾರ್ ಕೇಳದೆ ಬಿಟ್ಟಿರಲಿಲ್ಲ. ಹಾಜಿಯ ಉತ್ತರವೂ ಬದಲಾಗಿರಲಿಲ್ಲ.

"ಒಂದು, ನನ್ನ ಆಡುಗಳು ಎಲ್ಲಿಗೆ ಹೋಗ್ಬೇಕು? ನಿಮ್ಮನೇಲಿ ಮಲಗಿಸ್ತೀಯಾ? ಎರಡು, ಈ ಊರಲ್ಲಿ ನೀನು ಸುಳ್ಳು ಹೇಳದೆ ಬಿಟ್ಟ ಕಲ್ಲು ಯಾವುದಿದೆಯೋ? ನನ್ನ ದೊಡ್ಡೀಲಿರೋದು ಒಂದಾದ್ರೂ ಮಾನವಾಗಿ ಮಣ್ಣಡಿ ಇರ್ಲಿ ಬಿಡು."

ಅವನನ್ನು ಬಗ್ಗಿಸಲು ಒಂದು ದಾರಿಯಿತ್ತು. ನಮ್ಮಲ್ಲಿ ಮನೆಗೆ ಬಂದವನು ಕೊಟ್ಟ ಕಾಫಿಯನ್ನು ಕುಡಿಯದೆ ಬಟ್ಟಲನ್ನು ಚಾಪೆಯ ಮೇಲಿಟ್ಟ ಎಂದರೆ ಅವನಿಗೇನೋ ಕೇಳುವುದಿದೆ ಎಂದರ್ಥ. ಮನೆಯವನು, "ಕುಡಿಯಪ್ಪ, ನೀ ಕೇಳಿದ್ದು ಆಯ್ತು" ಅನ್ನಬೇಕು, ಕೇಳಿದ್ದನ್ನು ಕೊಡಬೇಕು. ಬಟ್ಟಲು ತಣ್ಣಗಾಗಲು ಬಿಟ್ಟವನ ಮೀಸೆಗೆ ಬೆಲೆಯಿಲ್ಲ. ಆದರೆ ನಹಾರ್ ಆ ದಾರಿಯನ್ನು ಮೊದಲೇ ಸವೆಸಿಬಿಟ್ಟಿದ್ದ. ಹುಡುಗುಬುದ್ಧಿಯಲ್ಲಿ ಒಮ್ಮೆ ಬಟ್ಟಲು ಕೆಳಗಿಟ್ಟು ಹಾಜಿಯ ರೇಡಿಯೊ ಹೊಡೆದುಕೊಂಡಿದ್ದ, ಇನ್ನೊಮ್ಮೆ ಒಂದು ಜೊತೆ ಹೊಸ ಬೂಟು. ಮೂರನೆಯ ಸಲ ಹೋದಾಗ ಹಾಜಿ ನಗುನಗುತ್ತಾ ಅವನ ಮುಂದೆ ಚಹಾ ತಂದಿಟ್ಟ. ಚಹಾವನ್ನು ಕೆಳಗಿಟ್ಟರೇನು, ತಲೆಯ ಮೇಲಿಟ್ಟರೇನು, ಯಾರೂ ಏನೂ ಕೊಡಬೇಕಾಗಿಲ್ಲ. ಅಂದಿನಿಂದ ಆ ಮನೆಯಲ್ಲಿ ನಹಾರನಿಗೆ ಬರೀ ಚಹಾ. ಹಬ್ಬಕ್ಕೂ ಚಹಾ, ಸಾವಿಗೂ ಚಹಾ.

"ಆದ್ರೆ ಬಸ್ಸಲ್ಲಿ ಬಂದವ್ರಿಗೆ ಚಹಾ ಕೊಡೋಕಾಗುತ್ತಾ?" ಎಂದು ನಹಾರ್ ತನ್ನ ಪಿಕಪ್ಪಿಗೆ ಹೇಳಿ ತೊಡೆ ತಟ್ಟಿಕೊಂಡ. "ದೂರದ ನೆಂಟ್ರು! ಕಾಫೀನೇ ಸುರೀಬೇಕು ಮುದುಕ!"

ಮಂಗಳವಾರ ತಿರುವಿನಲ್ಲಿ ಬಿಳಿಯ ಬಸ್ಸು ಬಂತು, ಅವನು ಕೈ ಬೀಸಿದ, ಬಸ್ಸು ನಿಂತಿತು! ಅಭ್ಯಾಸವಿಲ್ಲದ್ದರಿಂದ ಅವನು ನಿಂತ ಬಸ್ಸಿಗೂ ಇನ್ನಷ್ಟು ಹೊತ್ತು ಕೈ ಬೀಸುತ್ತಲೇ ಇದ್ದ. ಹನ್ನೆರಡೋ ಹದಿಮೂರೋ ಮಂದಿ ಇಳಿದರು, ಬಿಸಿಲಿಗೆ ಟೊಮೆಟೊ ಆದ ಮುಖಗಳು, ಕೊರಳಲ್ಲಿ ಕ್ಯಾಮೆರಾ. ಹಿಂದೆ ಲುಬಾಬ, ಕಪ್ಪು ಕನ್ನಡಕ ಹಾಕಿಕೊಂಡು.

"ಎಲ್ಲಿ ನಿಮ್ಮ ನಿಜವಾದ ವಸ್ತು?"

"ಮೊದ್ಲು ಕಾಫಿ ತಾಯಿ, ಆಮೇಲೆ ವಸ್ತು. ನೀವೂ ಇದೇ ದೇಶದವ್ರು, ಕಾಫಿ ಕುಡೀದೆ ಏನು ನೋಡ್ತೀರಿ?"

ಮನೆಗೆ ನಡೆಯುವ ದಾರಿಯಲ್ಲಿ ಅವನು ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳನ್ನು ಆರಿಸಿಕೊಂಡ. ಬೊಗುಮಿಲಾ ಎಂದು ಅವಳ ಹೆಸರು, ಬೆಳ್ಳಗಿನ ಗುಂಗುರು ಕೂದಲಿನ ನಗುಮುಖದ ಅಜ್ಜಿ. ಹಿರಿಯರು ಕೇಳಿದರೆ ಹಾಜಿ ಇಲ್ಲವೆನ್ನಲಾರ. ತನ್ನ ಮುರುಕು ಇಂಗ್ಲಿಷಿನಲ್ಲೂ ಕೈಸನ್ನೆಯಲ್ಲೂ ಅವಳಿಗೆ ಪಾಠ ಮಾಡಿದ: ಬಟ್ಟಲು ತಗೋ, ಕುಡಿಯಬೇಡ, ಕೆಳಗಿಡು. ಆಮೇಲೆ ನಮ್ಮ ಭಾಷೆಯಲ್ಲಿ ಹೀಗೆ ಹೇಳು: "ದೊಡ್ಡಿ ಬಾಗ್ಲು ತೆಗೆದಿರ್ಲಿ, ಹಾಜಿ." ಅಜ್ಜಿಗೆ ಆಟ ಹಿಡಿಸಿತು. ದಾರಿಯುದ್ದಕ್ಕೂ ಶಾಲೆಯ ಹುಡುಗಿಯ ಹಾಗೆ ಆ ಮಾತನ್ನು ಬಾಯಿಪಾಠ ಮಾಡುತ್ತ ಬಂದಳು.

ನೆಂಟರು ಬಂದರೆಂದು ಕೇಳಿದ್ದೇ ತಲ್ಜಿ ಹಾಜಿಯ ಕೈ ತಾನಾಗಿಯೇ ಕಾಫಿಯ ಹಿತ್ತಾಳೆ ಗಿಂಡಿಯ ಕಡೆ ಹೋಯಿತು. ಮಹಾ ಗತ್ತಿನ ಮುದುಕ; ಅವನ ಮೀಸೆ ಎಷ್ಟು ಅಗಲವೆಂದರೆ ಬಾಗಿಲು ದಾಟುವಾಗ ಪಕ್ಕಕ್ಕೆ ತಿರುಗಬೇಕು. ಹೆಂಡತಿ ಫಿದ್ದಾ ಚಾಪೆ ಹಾಸಿ ದಿಂಬು ಇಟ್ಟಳು. ಹಾಜಿಯ ಕಾಫಿಯೋ, ಏಲಕ್ಕಿ ಹಾಕಿ ಕುದಿಸಿ ಕುದಿಸಿ ಕಡುಕಹಿ ಮಾಡಿದ್ದು. ಅದರ ಚರಟ ನೆಕ್ಕಿದ ಕಾಗೆಯೊಂದು ವಾರವಿಡೀ ಹಿಂದುಹಿಂದಕ್ಕೆ ಹಾರಿದ್ದನ್ನು ಊರೇ ನೋಡಿದೆ.

ಹಾಜಿ ಮೊದಲ ಬಟ್ಟಲನ್ನು ಬೊಗುಮಿಲಾಗೆ ಕೊಟ್ಟ. ನಹಾರ್ ಬಾಗಿಲ ಬಳಿ ನಿಂತ. ಅಜ್ಜಿ ಬಟ್ಟಲು ತೆಗೆದುಕೊಂಡಳು. ಮೂಸಿದಳು. ಅವಳ ಕಣ್ಣು ಅರಳಿತು. ಮತ್ತೆ ಏನಾಯಿತೋ, ಗಟಗಟ ಕುಡಿದುಬಿಟ್ಟಳು!

"ಅಜ್ಜೀ, ಕೆಳಗೆ, ಕೆಳಗೆ!" ಎಂದು ನಹಾರ್ ಸನ್ನೆ ಮಾಡಿದ. ಅವಳು ಆನಂದದಿಂದ ಖಾಲಿ ಬಟ್ಟಲು ಮುಂದೆ ಚಾಚಿದಳು. ಸಾಕಾದರೆ ಬಟ್ಟಲನ್ನು ಅಲುಗಾಡಿಸಬೇಕೆಂದು ಅವಳಿಗೆ ಯಾರು ಹೇಳಿದ್ದರು? ಅಲುಗಾಡಿಸದಿದ್ದರೆ ಸುರಿಯುತ್ತಲೇ ಇರಬೇಕು. ಹಾಜಿ ಸುರಿದ, ಅವಳು ಕುಡಿದಳು. ಸುರಿದ, ಕುಡಿದಳು.

"ನೋಡೇ ಫಿದ್ದಾ, ಕುಡಿಯೋದು ಅಂದ್ರೆ ಇದು!" ಎಂದ ಹಾಜಿ. "ನಿನ್ನ ತಮ್ಮಂದಿರೂ ಇದ್ದಾರೆ, ಒಂದಕ್ಕೇ ಹುಳಿ ಮುಖ ಮಾಡ್ತಾರೆ."

"ನನ್ನ ತಮ್ಮಂದ್ರು ಮನುಷ್ಯರ ಕಾಫಿ ಕುಡಿದು ಬೆಳೆದೋರು, ಹಾಜಿ."

ಆಮೇಲೆ ಅವನು ಸಾಲಿನಲ್ಲಿ ಉಳಿದವರಿಗೆಲ್ಲ ಸುರಿಯುತ್ತ ಹೋದ. ಒಬ್ಬ ತುಟಿಗೆ ತಾಗಿಸಿ ನಡುಗಿ ಬಟ್ಟಲನ್ನು ಚಾಪೆಯ ಮೇಲಿಟ್ಟ. ಪಕ್ಕದವಳು ಇಟ್ಟಳು. ಅವಳ ಪಕ್ಕದವನು. ಟಕ್, ಟಕ್, ಟಕ್ ಎಂದು ಸಾಲಿನ ಕೊನೆಯವರೆಗೂ ತುಂಬಿದ ಬಟ್ಟಲುಗಳು ಕೆಳಗೆ ಕೂತವು. ಪಾಪ, ಕಹಿ ತಾಳಲಾರದೆ ಇಟ್ಟವರು ಅವರು. ಆದರೆ ಹಾಜಿ ತಿರುಗಿ ನೋಡಿದಾಗ ಅವನ ಮೀಸೆಯ ಎರಡೂ ತುದಿ ಜೋತುಬಿದ್ದವು.

"ಯಾ ಅಲ್ಲಾಹ್! ಎಲ್ಲಾರೂ ಕೇಳೋರೇನಾ? ಫಿದ್ದಾ, ಇಡೀ ಬಸ್ಸೇ ಕೆಳಗಿಟ್ಟಿದೆಯಲ್ಲೇ!"

"ಹೂಂ. ಮೀಸೆ ಬಿಟ್ಟಾಗ ಗೊತ್ತಿರ್ಲಿಲ್ವಾ? ಕೊಡಿ ಈಗ."

ಹಾಜಿ ಗಂಟಲು ಸರಿಮಾಡಿಕೊಂಡ. "ಕುಡೀರಪ್ಪ. ನೀವು ಕೇಳಿದ್ದು ಆಯ್ತು."

ಲುಬಾಬ ಕಪ್ಪು ಕನ್ನಡಕ ತೆಗೆದು ಮೊದಲ ಸಲ ನಕ್ಕಳು. ಎಲ್ಲರಿಗೂ ತರ್ಜುಮೆ ಮಾಡಿ ಹೇಳಿದಳು. ಕೋಣೆಯಲ್ಲಿ ಗುಲ್ಲೋ ಗುಲ್ಲು! ಕೇಳಿದ್ದನ್ನು ಕೊಡುವ ಮನೆ ಎಲ್ಲಿ ಸಿಗುತ್ತದೆ? ದಪ್ಪನೆಯವನೊಬ್ಬ ಕಾಫಿಗೆ ಸಕ್ಕರೆ ಕೇಳಿದ. ಹಾಜಿಯ ಮನೆಯ ಕಹಿ ಕಾಫಿಗೆ ನೋಹನ ಕಾಲದಿಂದ ಸಕ್ಕರೆ ಬಿದ್ದದ್ದಿಲ್ಲ. ಹಾಜಿ ಕಣ್ಣು ಮುಚ್ಚಿಕೊಂಡು, ಮುಖ ಆ ಕಡೆ ತಿರುಗಿಸಿಕೊಂಡು ಚಮಚದಲ್ಲಿ ಹಾಕಿದ. ಒಬ್ಬಳು ಆಡಿನ ಮರಿ ಎತ್ತಿಕೊಳ್ಳಬೇಕು ಅಂದಳು, ಮರಿ ಬಂತು. ಒಬ್ಬಳಿಗೆ ಫಿದ್ದಾಳ ಹಾಗೆ ತಲೆವಸ್ತ್ರ ಕಟ್ಟಿಸಿಕೊಳ್ಳಬೇಕು, ಕಟ್ಟಿದ್ದಾಯಿತು. ಒಬ್ಬ ಮೀಸೆ ಮುಟ್ಟಿ ನೋಡಬೇಕೆಂದ.

"ಮುಟ್ಲಿ," ಎಂದು ಹಾಜಿ ಹಲ್ಲು ಕಚ್ಚಿದ. "ಎಳೀಬಾರ್ದು ಅಂತ ಹೇಳಮ್ಮ."

ಇನ್ನೊಬ್ಬ ಹೊಟ್ಟೆ ಹಿಡಿದುಕೊಂಡು ಶೌಚಾಲಯ ಎಲ್ಲಿ ಅಂದ, ಬಟ್ಟಲು ಅಲ್ಲೇ ಬಿಟ್ಟು ಹಿತ್ತಿಲಿಗೆ ಓಡಿದ. ಕೇಳಿದರು, ಕೇಳಿದರು, ಏನೇನೋ ಕೇಳಿದರು. ದೊಡ್ಡಿಯನ್ನು ಮಾತ್ರ ಒಬ್ಬರೂ ಕೇಳಲಿಲ್ಲ. ದೊಡ್ಡಿಯೆಂಬುದೊಂದು ಇದೆಯೆಂದು ಗೊತ್ತಿದ್ದ ಅಜ್ಜಿ ಐದನೆಯದೋ ಆರನೆಯದೋ ಬಟ್ಟಲು ಕುಡಿಯುತ್ತಿದ್ದಳು.

ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಲುಬಾಬ ಗಡಿಯಾರ ನೋಡಿಕೊಂಡಳು.

"ನಹಾರ್, ಮುದುಕರು ತುಂಬಾ ಚೆನ್ನಾಗಿದ್ದಾರೆ. ಆದ್ರೆ ವಾರ ವಾರ ಬಂದು ಇವರ ಮೀಸೆ ಹಿಡಿಯೋಕಾಗಲ್ಲ. ಹೊರಡ್ತೀವಿ."

ಸಾಲಿನ ಕೊನೆಯಲ್ಲಿ ಶೌಚಾಲಯಕ್ಕೆ ಹೋದವನ ಜಾಗ ಖಾಲಿಯಿತ್ತು, ನಹಾರ್ ಅಲ್ಲೇ ಕುಸಿದು ಕೂತ. ಆ ಹೋದವನ ಬಟ್ಟಲಿನ ಕಾಫಿಯನ್ನು ಒಲೆಯ ಬೂದಿಗೆ ಚೆಲ್ಲಿ, ಏನು ಮಾಡಬೇಕೆಂದು ತೋಚದೆ ಖಾಲಿ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡ. ಹಾಜಿ ಆಗ ಬೆವರು ಸುರಿಸುತ್ತ, ಹೊರಡುವ ಮುಂಚಿನ ಕೊನೆಯ ಸುತ್ತು ಸುರಿಯುತ್ತಿದ್ದ. ಅಷ್ಟು ಮಂದಿಯ ಕೋರಿಕೆ ತೀರಿಸಿ ಅವನ ತಲೆ ಗಿರ್ರೆನ್ನುತ್ತಿತ್ತು. ಅವನು ಕೈ ನೋಡಿದ, ಬಟ್ಟಲು ನೋಡಿದ, ಮುಖ ನೋಡಲಿಲ್ಲ. ಸುರಿದುಬಿಟ್ಟ.

ಕಾಫಿ! ತಲ್ಜಿ ಹಾಜಿಯ ಮನೆಯಲ್ಲಿ, ನಹಾರನ ಕೈಯಲ್ಲಿ, ಕಾಫಿ!

ಅವನು ಅದನ್ನು ಹಸುಗೂಸನ್ನು ಮಲಗಿಸುವ ಹಾಗೆ ಚಾಪೆಯ ಮೇಲೆ ಇಳಿಸಿದ. ಟಕ್.

ಹಾಜಿ ತಲೆಯೆತ್ತಿದ. "ಲೇ! ಇದು ಮೋಸ!"

"ನಾನೆಲ್ಲಿ ಮೋಸ ಮಾಡ್ದೆ ದೊಡ್ಡಪ್ಪಾ? ಸುರಿದೋರು ನೀವು."

"ನಿಂಗಲ್ಲ ಸುರಿದದ್ದು!"

"ಬಟ್ಟಲು ಯಾರ ಕೈಲಿತ್ತು?" ಎಂದಳು ಫಿದ್ದಾ. "ನಾನು ನೋಡ್ದೆ, ಈ ಅಮ್ಮಾನಿನ ಮಗಳೂ ನೋಡಿದ್ಲು. ಬಾಯ್ಬಿಟ್ಟು 'ಆಯ್ತು' ಅನ್ನಿ, ತಣ್ಣಗಾಗ್ತಿದೆ."

"ಏನು ಬೇಕಂತೆ ಇವನಿಗೆ? ಇನ್ನೊಂದು ರೇಡಿಯೊ? ನನ್ನ ಹಲ್ಲು ಸೆಟ್ಟು?"

ನಹಾರ್ ಬಾಯಿ ತೆರೆದ. ಜನ್ಮದಲ್ಲೇ ಮಾತಿಗೆ ತಡವರಿಸದವನು ಅವತ್ತು ತಡವರಿಸಿದ. "ದೊಡ್ಡಿ... ದೊಡ್ಡಿ ಬಾಗ್ಲು ತೆಗೀರಿ ದೊಡ್ಡಪ್ಪ. ಇವತ್ತೊಂದೇ ದಿನ. ಇವ್ರು ನೋಡ್ಲಿ. ಮತ್ತೆ ಜೀವಮಾನದಲ್ಲಿ ಏನೂ ಕೇಳಲ್ಲ."

ಹಾಜಿ ಆ ಬಟ್ಟಲನ್ನು ನೋಡಿದ. ಅದರ ಮೇಲಿನ ಹಬೆ ತೆಳ್ಳಗಾಗುತ್ತಿತ್ತು.

"ಕುಡಿ. ಆಯ್ತು. ಆದ್ರೆ ಆ ಬಾಗಿಲು ದಾಟಿದ್ಮೇಲೆ ನಿನ್ನ ಬಾಯಿಂದ ಒಂದು ಮಾತು ಬರಬಾರ್ದು. ಸಿಕಂದರ ಇಲ್ಲ, ರಾಣಿ ಇಲ್ಲ, ಕುದುರೆ ಇಲ್ಲ. ಉಸ್ ಅಂದ್ರೆ ಬೀಗ ಹಾಕ್ತೀನಿ."

ನಹಾರ್ ಒಂದೇ ಗುಟುಕಿಗೆ ಕುಡಿದ. ಅಷ್ಟು ಸಿಹಿ ಕಾಫಿಯನ್ನು ಅವನು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ.

ಆಮೇಲೆ ಆ ಗದ್ದಲವನ್ನು ನೋಡಬೇಕಿತ್ತು ನೀವು! ಬೀಗ ತೆಗೆದರು, ಬಾಗಿಲು ಕಿರುಗುಟ್ಟಿದ್ದು ಕರಕ್ ಕೋಟೆಗೆ ಕೇಳಿಸಿತು. ಆಡುಗಳು ಹೊರಬರಲೊಲ್ಲವು. ಪೋಲೆಂಡಿನವರು ಒಂದೊಂದನ್ನು ಅಪ್ಪಿಕೊಂಡು ಹೊರತಂದರು. ಸಕ್ಕರೆ ಕೇಳಿದ ದಪ್ಪನೆಯವನನ್ನು ಒಂದು ಹೋತ ಬೆನ್ನಟ್ಟಿ ಬಸ್ಸಿನ ನೆತ್ತಿಗೆ ಹತ್ತಿಸಿತು. ಹುಲ್ಲು ಬಳಿದರು, ಹಿಕ್ಕೆ ಬಳಿದರು, ಮರಳನ್ನು ಬುಟ್ಟಿಯಲ್ಲಿ ಹೊತ್ತರು. ಡ್ರೈವರ್ ಕೂಡ ಹಾರ್ನ್ ಬಿಟ್ಟು ಪೊರಕೆ ಹಿಡಿದ. ಕೊನೆಗೆ ಕಂಡದ್ದು ಒಂದು ಬೂದುಬಣ್ಣದ ಮಂಕು ನೆಲ.

"ಇಷ್ಟೇನಾ?" ಎಂದಳು ಲುಬಾಬ.

ನಹಾರ್ ಉತ್ತರಿಸಲು ಬಾಯಿ ತೆರೆದು, ಹಾಜಿಯ ಕಣ್ಣು ಕಂಡು ಟಪ್ಪೆಂದು ಮುಚ್ಚಿದ. ಓಡಿಹೋಗಿ ತನ್ನ ಪಿಕಪ್ಪಿನಿಂದ ನೀರಿನ ಕ್ಯಾನು ಎತ್ತಿ ತಂದು ನೆಲದ ಮೇಲೆ ಉದ್ದಕ್ಕೆ ಬೀಸಿ ಎರಚಿದ.

ನೀರು ಹರಿದಲ್ಲೆಲ್ಲ ಬಣ್ಣ ಎದ್ದಿತು. ಕೆಂಪು ಎದ್ದಿತು, ಜೇನಿನ ಹಳದಿ ಎದ್ದಿತು, ಆಲಿವ್ ಹಸಿರು ಎದ್ದಿತು. ದ್ರಾಕ್ಷಿಬಳ್ಳಿ ಸುತ್ತಿಕೊಂಡು ಸುತ್ತಿಕೊಂಡು ಗೋಡೆಯಿಂದ ಗೋಡೆಗೆ ಹೋಯಿತು. ಬಳ್ಳಿಯ ಒಂದೊಂದು ಸುತ್ತಿನೊಳಗೂ ಒಂದೊಂದು ಹಕ್ಕಿ: ಕೆಂಪು ಕೊಕ್ಕು, ಕೆಂಪು ಕಾಲು, ಪಕ್ಕೆಗೆ ಪಟ್ಟೆ. ಕೌಜುಗಗಳು! ಊರಿನ ಕೌಜುಗಗಳೆಲ್ಲ ಗಾಳಿಗೆ ಹೆದರಿ ಇಲ್ಲಿ ಬಂದು ಅಡಗಿದ್ದವು. ನಟ್ಟನಡುವೆ ಒಂದು ಆಡು ಹಿಂಗಾಲ ಮೇಲೆ ನಿಂತು ದ್ರಾಕ್ಷಿ ಕದಿಯುತ್ತಿತ್ತು, ಅದರ ಒಂದು ಕೊಂಬು ವಕ್ರ.

ಯಾರೂ ಹೇಳದೆ ಬಸ್ಸಿನವರೆಲ್ಲ ಚಪ್ಪಲಿ ಬಿಚ್ಚಿದರು. ನಹಾರನ ಹೊಟ್ಟೆಯೊಳಗೆ ಮಾತುಗಳು ಕುದಿಯುವ ಗಿಂಡಿಯ ಹಾಗೆ ಉಕ್ಕಿದವು. ಹೇಳಲು ಎಷ್ಟಿತ್ತು! ಊರಿಗೆ ಹೆಸರು ಏಕೆ ಬಂತೆಂದು ಹೇಳಬಹುದಿತ್ತು, ಮತ್ತು ಅದು ನಿಜವೇ ಆಗಿತ್ತು! ಅವನು ರುಮಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡ. ಕಣ್ಣಲ್ಲಿ ನೀರು ತುಂಬಿ ಗದ್ದಕ್ಕಿಳಿಯಿತು.

"ಹೇಳಿ ನಹಾರ್, ಏನಿದು?" ಎಂದಳು ಲುಬಾಬ ಮೆಲ್ಲಗೆ.

ಅವನು ತಲೆಯಲ್ಲಾಡಿಸಿದ.

ಅವಳು ಅವನನ್ನು ನೋಡಿದಳು, ನೆಲವನ್ನು ನೋಡಿದಳು. "ಫೋನಲ್ಲಿ ಉಸಿರು ತಗೊಳೋಕೂ ನಿಲ್ಲಿಸದಿದ್ದ ಬಾಯಿ ಇದು," ಎಂದು ತನಗೆ ತಾನೇ ಹೇಳಿಕೊಂಡಳು. "ಇದೇ ಮುಚ್ಚಿಕೊಂಡಿದೆ ಅಂದ್ಮೇಲೆ ವಸ್ತು ನಿಜವಾದದ್ದೇ." ಹಾಜಿಯ ಕಡೆ ತಿರುಗಿದಳು. "ಹಾಜಿ, ಪ್ರತಿ ವಾರ ಕರ್ಕೊಂಡು ಬರ್ತೀನಿ. ತೆಗೆದಿಡ್ತೀರಾ?"

"ಇವನು ಕೇಳಿದ್ದು ಇವತ್ತೊಂದು ದಿನಕ್ಕೆ," ಎಂದ ಹಾಜಿ. "ಕೊಟ್ಟಾಯ್ತು. ಸಂಜೆ ಆಡುಗಳು ವಾಪಸ್ಸು ಬರ್ಬೇಕು."

ನಹಾರನಿಗೆ ತನ್ನ ತಲೆಯನ್ನೇ ಗೋಡೆಗೆ ಚಚ್ಚಿಕೊಳ್ಳುವಂತಾಯಿತು. ಒಂದೇ ದಿನ! ಬಟ್ಟಲು ಮತ್ತೆ ಪೋಲು! ಕೂಗಲು ಬಾಯಿಲ್ಲ, ಬೇಡಲು ಬಾಯಿಲ್ಲ.

ಆಗ ಹಿಂದಿನಿಂದ "ಹಾಜಿ!" ಎಂದು ಒಂದು ದನಿ ಕೇಳಿಸಿತು. ಬೊಗುಮಿಲಾ. ಅವಳು ಕಾಫಿಯ ಬಟ್ಟಲನ್ನು ಬಿಟ್ಟಿರಲೇ ಇಲ್ಲ, ಕೊನೆಯ ಸುತ್ತಿನ ಕಾಫಿಯನ್ನು ಚೆಲ್ಲದ ಹಾಗೆ ಕೈಯಲ್ಲಿ ಹಿಡಿದೇ ದೊಡ್ಡಿಗೆ ಬಂದಿದ್ದಳು. ಹಕ್ಕಿಗಳನ್ನು ಕಂಡು ಕಣ್ಣೊರೆಸಿಕೊಳ್ಳುವಾಗ ದಾರಿಯಲ್ಲಿ ಕಲಿತ ಪಾಠ ಪಕ್ಕನೆ ನೆನಪಾಗಿತ್ತು. ಮೊಣಕಾಲೂರಿ, ತುಂಬಿದ ಬಟ್ಟಲನ್ನು ಆ ದ್ರಾಕ್ಷಿ ಕದಿಯುವ ಆಡಿನ ಮೂತಿಯ ಮುಂದೆ ಟಕ್ ಎಂದು ಇಟ್ಟಳು. ಒಂದೊಂದೇ ಮಾತನ್ನು ಹೆಕ್ಕಿ ಹೆಕ್ಕಿ ಹೇಳಿದಳು:

"ದೊಡ್ಡಿ. ಬಾಗ್ಲು. ತೆಗೆದಿರ್ಲಿ. ಹಾಜಿ."

ಆಡುಗಳೂ ಮೆಲುಕು ನಿಲ್ಲಿಸಿದವು.

"ತೆಗೆದೇ ಇದೆಯಲ್ಲ ತಾಯಿ!" ಎಂದ ಹಾಜಿ.

"ತೆಗೀರಿ ಅನ್ಲಿಲ್ಲ ಅವರು," ಎಂದಳು ಫಿದ್ದಾ ಸೊಂಟಕ್ಕೆ ಕೈಯಿಟ್ಟು. "ತೆಗೆದಿರ್ಲಿ ಅಂದ್ರು. ಇಂದಿಗೆ ಅಂತಾನೂ ಅನ್ಲಿಲ್ಲ, ನಾಳೆಗೆ ಅಂತಾನೂ ಅನ್ಲಿಲ್ಲ. ಸಮುದ್ರ ದಾಟಿ ಬಂದ ಹಿರಿಯ ಜೀವ ಬಟ್ಟಲು ಇಟ್ಟು ಕೂತಿದೆ. ನೋಡ್ತಾ ನಿಂತಿದ್ದೀರಲ್ಲ."

"ನನ್ನ ಆಡುಗಳು ಎಲ್ಲಿಗೆ ಹೋಗ್ಬೇಕೇ?"

ನಹಾರ್ ಬಾಯಲ್ಲಿ ರುಮಾಲು ಇಟ್ಟುಕೊಂಡೇ ಜೇಬಿನಿಂದ ತನ್ನ ಪಿಕಪ್ಪಿನ ಕೊಟ್ಟಿಗೆಯ ಬೀಗದಕೈ ತೆಗೆದ. ಹಾಜಿಯ ಅಂಗೈಯಲ್ಲಿಟ್ಟ. ಪಿಕಪ್ಪನ್ನು ತೋರಿಸಿ, ಆಕಾಶ ತೋರಿಸಿ, ಕೆನ್ನೆಗೆ ಕೈಯಿಟ್ಟು ಮಲಗುವ ಸನ್ನೆ ಮಾಡಿದ. ಗಾಡಿ ಹೊರಗೆ ಮಲಗಲಿ, ಆಡು ಒಳಗೆ ಮಲಗಲಿ.

ಹಾಜಿ ಬೀಗದಕೈ ನೋಡಿದ, ಬಟ್ಟಲು ನೋಡಿದ. ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಕುಡಿ ತಾಯಿ. ಆಯ್ತು."

ಎದ್ದ ಕೂಗಿಗೆ ಐನ್ ತೀನ್ ಊರಿನ ಮೂರು ಕಿವಿಯ ಕತ್ತೆ ಬೆಚ್ಚಿಬಿದ್ದಿತಂತೆ. ಬಸ್ಸಿನವರು ಹಾಜಿಯನ್ನು ಹೆಗಲ ಮೇಲೆ ಎತ್ತಿದರು, ಮೀಸೆ ಸೂರಿಗೆ ಸಿಕ್ಕಿಕೊಂಡು ಇಳಿಸಲು ಕಷ್ಟವಾಯಿತು. ಇಳಿದ ಮೇಲೆ ಆ ದಪ್ಪನೆಯವನು ಚಿತ್ರದ ಆಡನ್ನು ತೋರಿಸಿ ಏನೋ ಕೇಳಿದ.

"ಯಾಕೆ ಇದರ ಕೊಂಬು ಹೀಗೆ ಅಂತ ಕೇಳ್ತಿದ್ದಾರೆ," ಎಂದಳು ಲುಬಾಬ.

ಅಷ್ಟೂ ಮಂದಿ ತನ್ನ ಬಾಯನ್ನೇ ನೋಡುತ್ತಿರುವುದು ಹಾಜಿಗೆ ಕಂಡಿತು. ಜನ್ಮದಲ್ಲಿ ಮೊದಲ ಸಲ. ಮೀಸೆ ತೀಡಿಕೊಂಡ. ಹೊರಗೆ ನಿಂತಿದ್ದ ತನ್ನ ವಕ್ರಕೊಂಬಿನ ಆಡು ಶಹ್ಲಾಳ ಕಡೆ ಬೆರಳು ತೋರಿಸಿದ.

"ಇದಾ? ಇದು ನಮ್ಮ ಶಹ್ಲಾಳ ಮುತ್ತಜ್ಜಿಯ ಮುತ್ತಜ್ಜಿ. ರೋಮಿನ ರಾಜ ಬಂದು ಇದರ ಹಾಲು ಕೇಳಿದ. ಇದು ಗುಮ್ಮಿತು. ಅವನ ಕಿರೀಟಕ್ಕೆ ತಾಗಿ ಕೊಂಬು ಸೊಟ್ಟಗಾಯ್ತು..."

ನಹಾರನಿಗೆ ಬಾಯೊಳಗಿನ ರುಮಾಲು ಅರ್ಧ ನುಂಗಿಹೋಯಿತು. ಫಿದ್ದಾ ಬೆನ್ನಿಗೆ ಗುದ್ದಿ ತೆಗೆಯಬೇಕಾಯಿತು.

ಈಗ ವಾರವಾರವೂ ಬಸ್ಸು ಅಲ್ಲಿ ನಿಲ್ಲುತ್ತದೆ. ದೊಡ್ಡಿಯ ಹೊರಗೆ ನಹಾರ್ ಮಾತಾಡುತ್ತಾನೆ, ಹೊಸ್ತಿಲು ದಾಟಿದರೆ ಮೂಗನಾಗಿ ನೀರೆರಚುತ್ತಾನೆ. ಒಳಗಿನ ಮಾತೆಲ್ಲ ಹಾಜಿಯದು. ರಾಜನ ಸಂಗಡ ಈಗ ಒಂದು ಆನೆಯೂ ಬಂದಿದೆ, ಹೋದ ಬಸ್ಸಿಗೆ ಎರಡಾಗಿತ್ತು. ನಹಾರನಿಗೆ ಹಾಜಿಯ ಮನೆಯಲ್ಲಿ ಇವತ್ತಿಗೂ ಚಹಾವೇ.

ನೋಡಿ, ನಾನು ಹೇಳುತ್ತಾ ಕೂತೆ, ನೀವು ಕೇಳುತ್ತಾ ಕೂತಿರಿ. ನೀವು ಅಷ್ಟು ಪ್ರೀತಿಯಿಂದ ಸುರಿದುಕೊಟ್ಟ ಕಾಫಿ ನನ್ನ ಮುಂದೆ ಇನ್ನೂ ಹಾಗೇ ಇದೆ. ತುಟಿಗೆ ತಾಗಿಸಿಲ್ಲ, ಬೇಕಾದರೆ ಬಗ್ಗಿ ನೋಡಿ. ನಿಮ್ಮ ಗೂಡಿನಲ್ಲಿರುವ ಆ ರೇಡಿಯೊ ಚೆನ್ನಾಗಿದೆ, ನಾನೇನೂ ಅದನ್ನು ನೋಡುತ್ತಿಲ್ಲ ಬಿಡಿ. ಆದರೆ ಬಟ್ಟಲಿನ ಹಬೆ ತೆಳ್ಳಗಾಗುತ್ತಿದೆ, ನಿಮಗೂ ಮೀಸೆಯಿದೆ. ಮೊದಲು "ಆಯ್ತು" ಅಂದುಬಿಡಿ. ಏನು ಅನ್ನುವುದನ್ನು ಕುಡಿದ ಮೇಲೆ ಹೇಳುತ್ತೇನೆ.